ಚೀತಾದ ಬಿಡಿಭಾಗ ಎಲ್ಲಿಂದ ಬರುತ್ತೆ?

2016ರ ಫೆಬ್ರವರಿ ಎರಡನೇ ವಾರ. ನೀವ್ಯಾರೂ ಮರೆತಿರೋಕೆ ಸಾಧ್ಯವಿಲ್ಲ. ಸಿಯಾಚಿನ್‌ನ ಸೋನಮ್ ಪೋಸ್ಟ್, ಎತ್ತರ 19,600 ಅಡಿ. ಫೆಬ್ರವರಿ 3ರಂದು ಹಿಮದ ಗೋಡೆಯೇ ಕುಸಿದು ಮದ್ರಾಸ್ ರೆಜಿಮೆಂಟ್‌ನ ಹತ್ತು ಯೋಧರು ಅದರಡಿ ಹೂತುಹೋದರು. ಆ ಹತ್ತು ಮಂದಿಯಲ್ಲಿ ಮೂವರು ನಮ್ಮವರು. ಹಾಸನದ ನಾಗೇಶ್, ಎಚ್.ಡಿ. ಕೋಟೆಯ ಮಹೇಶ್, ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ. ಆರು ದಿನ ಆದಮೇಲೆ ಹಿಮ ಕೊರೆದು ನೋಡಿದರೆ ಹನುಮಂತಪ್ಪ ಉಸಿರಾಡ್ತಾ ಇದ್ದರು!

ಆ ರಾತ್ರಿ ನಮ್ಮ ಸ್ಟುಡಿಯೋದಲ್ಲಿ ಯಾರೂ ಮನೆಗೆ ಹೋಗಲಿಲ್ಲ. ಹೆಲಿಕಾಪ್ಟರ್‌ನಲ್ಲಿ ಕೆಳಗೆ ತಂದರು, ಅಲ್ಲಿಂದ ವಿಮಾನದಲ್ಲಿ ದೆಹಲಿ ಸೇನಾ ಆಸ್ಪತ್ರೆಗೆ ಸಾಗಿಸಿದರು. ಇಡೀ ರಾಜ್ಯ ದೇವರಿಗೆ ದೀಪ ಹಚ್ಚಿ ಕೂತಿತ್ತು. 11ನೇ ತಾರೀಖು ಮಧ್ಯಾಹ್ನಕ್ಕೆ ಮುಂಚೆ ಆ ಸುದ್ದಿಯನ್ನ ನಾನೇ ಓದಬೇಕಾಯ್ತು. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳಲ್ಲ.

ಅದೇ ವಾರ ಲೈವ್‌ನಲ್ಲಿ ಒಂದು ಫೋನ್ ಕರೆ ಬಂತು. ಗದಗದ ಕಡೆಯ ಒಬ್ಬ ಹಿರಿಯರು. "ಸರ, ಅಷ್ಟು ಎತ್ತರಕ್ಕ ಹೆಲಿಕಾಪ್ಟರ್ ಹೋಗ್ತದೇನ್ರಿ? ಯಾವ ದೇಶದ್ದು ಅದು? ಕೆಟ್ಟರ ಸಾಮಾನು ಎಲ್ಲಿಂದ ತರ್ತಾರ್ರಿ?" ನಾನು "ನಮ್ಮ ಸೇನೆಯ ಹತ್ರ ಎಲ್ಲ ವ್ಯವಸ್ಥೆ ಇದೆ ಯಜಮಾನ್ರೇ" ಅಂತ ಹೇಳಿ ಬ್ರೇಕ್‌ಗೆ ಹೋದೆ. ನಿಜ ಹೇಳ್ತೀನಿ, ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕ್ತಾ ಹೋದೆ. ಉತ್ತರ ನಮ್ಮ ಸ್ಟುಡಿಯೋದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿತ್ತು ಸ್ವಾಮಿ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ!

ಹೆಲಿಕಾಪ್ಟರ್‌ನ ಹೆಸರು ಚೀತಾ. ಸೇನೆಯ ಪುಸ್ತಕದಲ್ಲಿ ಅದರ ಕೆಲಸ 'ವೀಕ್ಷಣೆ'. ಅಂದರೆ ನೋಡೋದು. ಯುದ್ಧದಲ್ಲಿ ಬರೀ ನೋಡೋಕೆ ಒಂದು ಯಂತ್ರವಾ ಅಂತ ಕೇಳಬೇಡಿ. ಫಿರಂಗಿ ಹೊಡೆಯುವವನಿಗೆ ತನ್ನ ಗುಂಡು ಎಲ್ಲಿ ಬಿತ್ತು ಅನ್ನೋದೇ ಕಾಣಲ್ಲ, ಅದು ಗುಡ್ಡದ ಆಚೆ ಬಿದ್ದಿರುತ್ತೆ. ಯಾರಾದರೂ ಮೇಲಿಂದ ನೋಡಿ, ಇನ್ನೂರು ಗಜ ಎಡಕ್ಕೆ, ನೂರು ಗಜ ಮುಂದಕ್ಕೆ ಅಂತ ವೈರ್‌ಲೆಸ್‌ನಲ್ಲಿ ಹೇಳಬೇಕು. ಆ ಕೆಲಸಕ್ಕೆ 'ಏರ್ ಒಪಿ' ಅಂತ ಹೆಸರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಶುರು ಮಾಡಿದ ಪದ್ಧತಿ. ಪೈಲಟ್ ಆಗಿ ಕೂರುತ್ತಿದ್ದವರು ಫಿರಂಗಿ ದಳದ ಅಧಿಕಾರಿಗಳೇ. 1947ರಲ್ಲಿ ದೇಶ ಇಬ್ಭಾಗವಾದಾಗ ನಮ್ಮ ಪಾಲಿಗೆ ಬಂದದ್ದು ಆಸ್ಟರ್ ಅನ್ನುವ ಪುಟ್ಟ ವಿಮಾನಗಳು.

ಆಸ್ಟರ್ ಹಳೆಯದಾದಾಗ ಅದರ ಜಾಗಕ್ಕೆ ಬಂದದ್ದೂ ಬೆಂಗಳೂರಿನ ಕೂಸೇ. ಎಚ್‌ಎಎಲ್‌ನ ಡಾ. ವಿ.ಎಂ. ಘಾಟಗೆ ಅವರ ತಂಡ ಫ್ಲೈಯಿಂಗ್ ಕ್ಲಬ್‌ಗಳಿಗೆ ಅಂತ 'ಪುಷ್ಪಕ್' ವಿಮಾನ ಮಾಡಿತ್ತು. ಅದನ್ನೇ ದೊಡ್ಡದು ಮಾಡಿ 'ಕೃಷಕ್' ಕಟ್ಟಿದರು. 1959ರಲ್ಲಿ ಮೊದಲ ಹಾರಾಟ, 1965ರ ಹೊತ್ತಿಗೆ ಸೇನೆಯ ಕೈಗೆ. ಹೆಸರು ನೋಡಿ, ರೈತ ಅಂತ! ಫಿರಂಗಿಗೆ ಕಣ್ಣಾಗಿ ದುಡಿದ ವಿಮಾನಕ್ಕೆ ರೈತನ ಹೆಸರು. ನನಗಂತೂ ಇದು ಬಹಳ ಇಷ್ಟವಾದ ಸಂಗತಿ.

ಆದರೆ ಕೃಷಕ್‌ಗೆ ರನ್‌ವೇ ಬೇಕು. ಕೊನೇಪಕ್ಷ ಒಂದು ಸಮತಟ್ಟಾದ ಹೊಲವಾದರೂ ಬೇಕು. 1962ರಲ್ಲಿ ಚೀನಾ ನಮಗೆ ಹಿಮಾಲಯದಲ್ಲಿ ಸಮತಟ್ಟು ಜಾಗ ಎಷ್ಟಿದೆ ಅನ್ನೋದನ್ನ ಚೆನ್ನಾಗಿ ಕಲಿಸಿತ್ತು. ಅದೇ ವರ್ಷ ಫ್ರಾನ್ಸ್ ಜೊತೆ ಅಲೂಯೆಟ್-3 ಹೆಲಿಕಾಪ್ಟರ್‌ನ ಲೈಸೆನ್ಸ್ ಒಪ್ಪಂದ ಆಯ್ತು. 1965ಕ್ಕೆ ಬೆಂಗಳೂರಿನಲ್ಲಿ ತಯಾರಾದ ಮೊದಲನೆಯದು ಹೊರಬಂತು. ರಾಣಾ ಪ್ರತಾಪನ ಕುದುರೆಯ ಹೆಸರನ್ನ ಅದಕ್ಕಿಟ್ಟರು, ಚೇತಕ್. ಅಲೂಯೆಟ್ ಅಂದರೆ ಫ್ರೆಂಚ್‌ನಲ್ಲಿ ಲಾರ್ಕ್ ಹಕ್ಕಿ. ಹೊಲದಿಂದ ಆಕಾಶಕ್ಕೆ ನೆಟ್ಟಗೆ ಏರ್ತಾ ಹಾಡುವ ಪುಟಾಣಿ ಹಕ್ಕಿ.

ಚೇತಕ್ ಒಳ್ಳೆಯ ಕುದುರೆಯೇ, ಆದರೆ ಭಾರ ಜಾಸ್ತಿ. 1968ರಲ್ಲಿ ಭಾರತ ಫ್ರೆಂಚರ ಮುಂದೆ ಒಂದು ಬೇಡಿಕೆ ಇಟ್ಟಿತು. ನಮಗೆ ಹಿಮಾಲಯದ ನೆತ್ತಿಗೆ ಹೋಗುವಂಥದ್ದು ಬೇಕು. ಫ್ರೆಂಚರು ಏನು ಮಾಡಿದರು ಗೊತ್ತಾ? ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ! 1955ರ ಹಳೆಯ ಅಲೂಯೆಟ್-2 ಇತ್ತಲ್ಲ, ಆ ಹಗುರ ದೇಹವನ್ನ ತೆಗೆದುಕೊಂಡು ಒಂದಿಷ್ಟು ಗಟ್ಟಿ ಮಾಡಿದರು. ಅದರ ಮೇಲೆ ದೊಡ್ಡಣ್ಣ ಅಲೂಯೆಟ್-3ರ ಎಂಜಿನ್ನು, ರೆಕ್ಕೆ, ಗೇರ್‌ಬಾಕ್ಸ್ ತಂದು ಕೂರಿಸಿದರು. ನಮ್ಮ ಗ್ಯಾರೇಜ್ ಹುಡುಗರು ಸಣ್ಣ ಗಾಡಿಗೆ ದೊಡ್ಡ ಗಾಡಿಯ ಎಂಜಿನ್ ಇಳಿಸ್ತಾರಲ್ಲ, ಹಾಗೆ. 1969ರ ಮಾರ್ಚ್ 17ರಂದು ಅದು ಹಾರಿತು. ಫ್ರಾನ್ಸ್‌ನಲ್ಲಿ ಹೆಸರು ಲಾಮಾ. ನಮ್ಮಲ್ಲಿ ಚೀತಾ. 1970ರಲ್ಲಿ ಲೈಸೆನ್ಸ್ ಬಂತು, 1972ರಲ್ಲಿ ಎಚ್‌ಎಎಲ್ ಜೋಡಿಸಿದ ಮೊದಲ ಚೀತಾ ಬೆಂಗಳೂರಿನಲ್ಲಿ ಹಾರಿತು. ಎಪ್ಪತ್ತರ ದಶಕದಲ್ಲಿ ಕೃಷಕ್ ನಿಧಾನಕ್ಕೆ ಬದಿಗೆ ಸರಿಯಿತು.

ಈಗ ಆ ಎಂಜಿನ್ ಬಗ್ಗೆ ಒಂದೆರಡು ಮಾತು. ಗದಗದ ಯಜಮಾನರ ಮೊದಲ ಪ್ರಶ್ನೆಗೆ ಉತ್ತರ ಇರೋದೇ ಅಲ್ಲಿ. ಹೆಸರು ಆರ್ಟೂಸ್ಟ್-3ಬಿ. ಅದಕ್ಕೆ 870 ಅಶ್ವಶಕ್ತಿಯ ತಾಕತ್ತು. ಆದರೆ ಚೀತಾದಲ್ಲಿ ಅದನ್ನ 550ರ ಆಸುಪಾಸಿಗೆ ಕಟ್ಟಿಹಾಕಿದ್ದಾರೆ. ಯಾಕೆ? 18,000 ಅಡಿಗೆ ಹೋದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತೆ. ನಮಗೆ ಹೇಗೆ ಅಲ್ಲಿ ಏದುಸಿರು ಬರುತ್ತೋ ಎಂಜಿನ್‌ಗೂ ಹಾಗೇ. ಕಸುವು ಸೋರಿಹೋಗುತ್ತೆ. ಆದರೆ ಇದರ ಬಳಿ ಕೈಗಂಟು ಇದೆ. ಕೆಳಗೆ ಬಳಸದೇ ಇಟ್ಟುಕೊಂಡ ಕಸುವನ್ನ ಮೇಲೆ ಖರ್ಚು ಮಾಡುತ್ತೆ. ನಿಮಿಷಕ್ಕೆ 33,500 ಸುತ್ತು, ಒಂದೇ ವೇಗ, ಏರಿಳಿತ ಇಲ್ಲ. ಪೈಲಟ್ ಕೇಳಿದ ಕ್ಷಣಕ್ಕೆ ಶಕ್ತಿ ಸಿಗುತ್ತೆ. ಕೂಗಳತೆಯಲ್ಲಿ ಬಂಡೆ ಇರುವಾಗ ಅರ್ಧ ಸೆಕೆಂಡ್ ಅಂದರೂ ದೊಡ್ಡದೇ.

1972ರ ಜೂನ್ 21. ಫ್ರಾನ್ಸ್‌ನ ಇಸ್ಟ್ರ್ ವಾಯುನೆಲೆ. ಟೆಸ್ಟ್ ಪೈಲಟ್ ಜಾನ್ ಬೂಲೆ ಒಂದು ಲಾಮಾದಿಂದ ಬೇಡದ್ದನ್ನೆಲ್ಲ ಕಿತ್ತುಹಾಕಿ, ಹಗುರ ಮಾಡಿ, ಒಬ್ಬನೇ ಹತ್ತಿ ಕೂತ. ಏರಿದ, ಏರಿದ, ಏರಿದ. 12,442 ಮೀಟರ್! ಅಂದರೆ 40,820 ಅಡಿ. ಎವರೆಸ್ಟ್‌ಗಿಂತ ಹತ್ತು ಸಾವಿರ ಅಡಿಗೂ ಮೇಲೆ. ಅಲ್ಲಿ ಚಳಿ ಮೈನಸ್ 60 ಡಿಗ್ರಿಗೂ ಕೆಳಗೆ. ಎಂಜಿನ್ ಆರಿಹೋಯ್ತು, ಮತ್ತೆ ಹೊತ್ತಿಕೊಳ್ಳಲೇ ಇಲ್ಲ. ಕೆಳಗಿಂದ ನುಗ್ಗುವ ಗಾಳಿಗೇ ರೆಕ್ಕೆ ತಿರುಗಿಸಿಕೊಳ್ತಾ, ಎಂಜಿನ್ ಇಲ್ಲದೇ ನಲವತ್ತು ಸಾವಿರ ಅಡಿಯನ್ನ ಇಳಿದು ಬಂದ ಪುಣ್ಯಾತ್ಮ. ಒಂದೇ ಹಾರಾಟದಲ್ಲಿ ಎರಡು ದಾಖಲೆ, ಒಂದು ಹತ್ತಿದ್ದಕ್ಕೆ, ಒಂದು ಇಳಿದದ್ದಕ್ಕೆ.

ದಾಖಲೆ ಬೇರೆ, ದಿನನಿತ್ಯದ ದುಡಿಮೆ ಬೇರೆ. ಸಿಯಾಚಿನ್ ಮೇಲೆ ವಾಯುಪಡೆಯ ಚೇತಕ್ ಮೊದಲು ಇಳಿದದ್ದು 1978ರಲ್ಲಿ. ಆಮೇಲೆ 1984ರ ಏಪ್ರಿಲ್ 13, ಆಪರೇಷನ್ ಮೇಘದೂತ್. ಕುಮಾಊಂ ರೆಜಿಮೆಂಟ್‌ನ ಯೋಧರನ್ನ ಬಿಲಾಫೋಂಡ್ ಲಾ ಕಣಿವೆಬಾಗಿಲಿನಲ್ಲಿ ಇಳಿಸಿದ್ದು ಚೀತಾಗಳು. ಹೋಗೋದು, ಹಿಮದ ಮೇಲೆ ಹಾಗೇ ತೇಲಿಕೊಂಡು ನಿಲ್ಲೋದು, ಹುಡುಗರು ಹಾರಿಕೊಳ್ಳೋದು, ಮತ್ತೆ ಕೆಳಗೆ ಬಂದು ಇನ್ನೊಂದು ಟ್ರಿಪ್. ಪಾಕಿಸ್ತಾನ ಬರೋದ್ರೊಳಗೆ ನಾವು ಅಲ್ಲಿ ಕೂತಾಗಿತ್ತು. ಅವತ್ತಿನಿಂದ ಇವತ್ತಿನವರೆಗೆ ಆ ಹುಡುಗರಿಗೆ ಸೀಮೆಎಣ್ಣೆ, ಔಷಧಿ, ಮನೆಯಿಂದ ಬಂದ ಕಾಗದ ತಲುಪಿಸೋದು, ಕಾಯಿಲೆ ಬಿದ್ದವರನ್ನ ಕೆಳಗೆ ತರೋದು, ಹೆಚ್ಚಿನ ಪಾಲು ಇದೇ ಯಂತ್ರದ ಹೆಗಲ ಮೇಲೆ. ನೋಡೋಕೆ ಅಂತ ಹುಟ್ಟಿದ್ದು ಕೊನೆಗೆ ಅಂಚೆಯಣ್ಣ, ಆಂಬುಲೆನ್ಸ್, ದಿನಸಿ ಗಾಡಿ ಎಲ್ಲ ಆಯ್ತು. ಲೇಹ್‌ನ 114ನೇ ಹೆಲಿಕಾಪ್ಟರ್ ಯೂನಿಟ್‌ಗೆ 'ಸಿಯಾಚಿನ್ ಪಯೋನಿಯರ್ಸ್' ಅಂತ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಎಷ್ಟು ಹೊರುತ್ತೆ? ಇಲ್ಲಿ ಬೇಜಾರಾಗುತ್ತೆ ಕೇಳಿದರೆ. ತೀರಾ ಎತ್ತರದ ಪೋಸ್ಟ್‌ಗಳಿಗೆ ಒಂದು ಸಲಕ್ಕೆ ಇಪ್ಪತ್ತು-ಇಪ್ಪತ್ತೈದು ಕೆಜಿ. ಒಂದು ಸೀಮೆಎಣ್ಣೆ ಕ್ಯಾನು, ಅಷ್ಟೇ ರೀ. ಇಳಿದರೂ ಎಂಜಿನ್ ಆರಿಸೋ ಹಾಗಿಲ್ಲ. ಆರಿಸಿದರೆ ಆ ಚಳಿಯಲ್ಲಿ, ಆ ಗಾಳಿಯಲ್ಲಿ ಮತ್ತೆ ಶುರುವಾಗುತ್ತೆ ಅಂತ ಯಾರು ಗ್ಯಾರಂಟಿ ಕೊಡ್ತಾರೆ?

ಇನ್ನೊಂದು ವಿಚಿತ್ರ ಕೇಳಿ. ಗಡಿಯ ಆಚೆ ಪಾಕಿಸ್ತಾನ ಸೇನೆ ಹಾರಿಸ್ತಿದ್ದದ್ದೂ ಇದೇ ಲಾಮಾ! 2005ರ ಆಗಸ್ಟ್‌ನಲ್ಲಿ ನಂಗಾ ಪರ್ಬತ್‌ನ ಕಡಿದಾದ ಗೋಡೆಯಲ್ಲಿ ಸಿಕ್ಕಿಬಿದ್ದಿದ್ದ ಸ್ಲೊವೇನಿಯಾದ ಪರ್ವತಾರೋಹಿ ತೊಮಾಜ್ ಹುಮಾರ್‌ನನ್ನ ಅವರ ಪೈಲಟ್‌ಗಳು ಕಾಪಾಡಿ ತಂದದ್ದು ಲಾಮಾದಲ್ಲೇ. ಶತ್ರು ಅಂತ ಆ ಸಾಹಸವನ್ನ ಮುಚ್ಚಿಡೋಕೆ ನನಗೆ ಮನಸ್ಸಿಲ್ಲ.

ಈಗ ಬಿಡಿಭಾಗದ ವಿಷಯಕ್ಕೆ ಬರೋಣ. ಹೆಲಿಕಾಪ್ಟರ್ ರಿಪೇರಿಯಲ್ಲೇ ಮೂವತ್ತು ವರ್ಷ ಕಳೆದ ಒಬ್ಬ ನಿವೃತ್ತ ಟೆಕ್ನಿಷಿಯನ್ ನನಗೆ ಸಿಕ್ಕರು. ಹೆಸರು ಬೇಡ ಅಂದರು. "ಚೀತಾಗೆ ಎಷ್ಟು ವಯಸ್ಸು ಸಾರ್?" ಅಂತ ಕೇಳಿದೆ. ನಕ್ಕರು. "ಯಾವ ಚೀತಾಗೆ ಕೇಳ್ತಿದ್ದೀರಿ? ದೇಹಕ್ಕೆ ಒಂದು ವಯಸ್ಸು, ರೆಕ್ಕೆಗೆ ಒಂದು, ಗೇರ್‌ಬಾಕ್ಸ್‌ಗೆ ಒಂದು. ಪ್ರತಿಯೊಂದಕ್ಕೂ ಅದರದ್ದೇ ಜಾತಕ ಇದೆ." ಜಾತಕ ಅಂದರೆ ಕಾರ್ಡು. ಮುಖ್ಯ ರೆಕ್ಕೆ, ಬಾಲದ ರೆಕ್ಕೆ, ಗೇರ್‌ಬಾಕ್ಸ್, ಎಂಜಿನ್, ಎಲ್ಲಕ್ಕೂ ಇಂತಿಷ್ಟು ಗಂಟೆ ಅಂತ ಆಯುಸ್ಸು ಬರೆದಿರುತ್ತೆ. ಪ್ರತಿ ಹಾರಾಟದ ನಂತರ ಅದರಲ್ಲಿ ಗಂಟೆ ಕಳೀತಾರೆ. ಕೆಲವು ಭಾಗಗಳನ್ನ ಗಂಟೆ ಮುಗಿದಮೇಲೆ ಬಿಚ್ಚಿ, ತೊಳೆದು, ಬಿರುಕು ಇದೆಯಾ ನೋಡಿ, ಮತ್ತೆ ಹಾಕಬಹುದು. ಅದಕ್ಕೆ ಓವರ್‌ಹಾಲ್ ಅಂತಾರೆ. ಕೆಲವನ್ನ ಹಾಗೆ ಮಾಡೋ ಹಾಗಿಲ್ಲ. ನೋಡೋಕೆ ಹೊಸದರ ಥರ ಹೊಳೀತಿದ್ದರೂ ಗಂಟೆ ಮುಗೀತು ಅಂದರೆ ಮುಗೀತು, ತೆಗೆದು ಒಡೆದು ಹಾಕಬೇಕು.

ಹೊಸದು ಸ್ಟೋರ್‌ನಲ್ಲಿ ಇಲ್ಲ ಅಂದರೆ? ಹೆಲಿಕಾಪ್ಟರ್ ನೆಲದ ಮೇಲೆ ಕೂರುತ್ತೆ. ಇದಕ್ಕೆ ಮೂರಕ್ಷರದ ಹೆಸರಿದೆ, ಎಒಜಿ. ಒಂದು ಸಣ್ಣ ಸೀಲ್ ಇಲ್ಲದೇ ಹೋದರೂ ಎಒಜಿನೇ. ಆಗ ಪಕ್ಕದಲ್ಲಿ ಇನ್ಯಾವುದೋ ಕಾರಣಕ್ಕೆ ನಿಂತಿರುವ ಹೆಲಿಕಾಪ್ಟರ್‌ನಿಂದ ಬಿಚ್ಚಿ ಇದಕ್ಕೆ ಹಾಕ್ತಾರೆ. ಇದು ಹಾರುತ್ತೆ, ಅದಕ್ಕೀಗ ಎರಡು ಭಾಗ ಬೇಕು. ನಮ್ಮ ಹಳ್ಳಿ ಕಡೆ ಪಂಪ್‌ಸೆಟ್‌ಗೆ ಮಾಡೋದೂ ಇದನ್ನೇ. ಆದರೆ ಪಂಪ್‌ಸೆಟ್ ನಿಂತರೆ ಒಂದು ಬೆಳೆ ಒಣಗುತ್ತೆ.

ಫ್ರಾನ್ಸ್‌ನವರು ಲಾಮಾ ತಯಾರಿಕೆಯನ್ನ 1989ರಲ್ಲೇ ನಿಲ್ಲಿಸಿಬಿಟ್ಟರು. ಒಟ್ಟು ನಾನೂರು ಚಿಲ್ಲರೆ ಮಾಡಿದ್ದರು, ಸಾಕು ಅಂದರು. ಅವರದ್ದು ವ್ಯಾಪಾರ, ತಪ್ಪು ಅನ್ನೋಕೆ ಬರಲ್ಲ. ತಾಯಿಬೇರು ಒಣಗಿತು, ಕೊಂಬೆ ಮಾತ್ರ ಹಸಿರು! ಎಚ್‌ಎಎಲ್ 250ಕ್ಕೂ ಹೆಚ್ಚು ಚೀತಾ ಮಾಡಿತು. ಬೆಂಗಳೂರಿನ ಹೆಲಿಕಾಪ್ಟರ್ ವಿಭಾಗ ದೇಹ ಮಾಡಿದರೆ, ಇಲ್ಲೇ ಎಂಜಿನ್ ವಿಭಾಗದಲ್ಲಿ ಆರ್ಟೂಸ್ಟ್, ಲಖನೌದಲ್ಲಿ ಮೀಟರು, ಇಂಧನದ ಉಪಕರಣಗಳು, ಓವರ್‌ಹಾಲ್‌ಗೆ ಬಂಗಾಳದ ಬ್ಯಾರಕ್‌ಪುರ. ಎಂಜಿನ್ ಬದಲಿಸಿ 'ಚೀತಲ್' ಅನ್ನುವ ಹೊಸ ರೂಪವನ್ನೂ ಕೊಟ್ಟರು. ಜಗತ್ತು ಮ್ಯೂಸಿಯಂಗೆ ಕಳಿಸಿದ ಯಂತ್ರವನ್ನ ನಮ್ಮ ಬೆಂಗಳೂರಿನ ಫಿಟ್ಟರು, ಟರ್ನರುಗಳು ಹಿಮಾಲಯದಲ್ಲಿ ಹಾರಿಸ್ತಾ ಇಟ್ಟರು. ಇದಕ್ಕೆ ಯಾರೂ ಪದಕ ಕೊಡಲ್ಲ, ಪರೇಡ್‌ನಲ್ಲಿ ಇವರ ಟ್ಯಾಬ್ಲೋ ಬರಲ್ಲ.

ಬಿಡಿಭಾಗವನ್ನ ಮೇಲಕ್ಕೆ ಹೊತ್ತು ಒಯ್ಯೋದೂ ಒಂದು ಯುದ್ಧವೇ. 2018ರ ಜನವರಿಯಲ್ಲಿ ಸೇನೆಯ ಒಂದು ಧ್ರುವ್ ಹೆಲಿಕಾಪ್ಟರ್, ಅದೂ ಬೆಂಗಳೂರಿನದ್ದೇ, ಸಿಯಾಚಿನ್‌ನ ಖಂಡಾ ಹತ್ತಿರ 18,000 ಅಡಿಯಲ್ಲಿ ಕೆಟ್ಟು ಹಿಮದಲ್ಲಿ ಸಿಕ್ಕಿಕೊಂಡಿತು. ಅಲ್ಲಿಗೆ ಕ್ರೇನ್ ಬರುತ್ತಾ? ಲಾರಿ ಬರುತ್ತಾ? ತಿಂಗಳುಗಟ್ಟಲೆ ಹಾಗೇ ನಿಂತಿತ್ತು. ಕೊನೆಗೆ ಜುಲೈನಲ್ಲಿ ಟೆಕ್ನಿಷಿಯನ್‌ಗಳು ಅಲ್ಲೇ ಭಾಗ ಬದಲಿಸಿ, ಪೈಲಟ್‌ಗಳು ಅದನ್ನ ಹಾರಿಸಿಕೊಂಡೇ ಬೇಸ್ ಕ್ಯಾಂಪ್‌ಗೆ ಇಳಿಸಿದರು. ಕೈಗವಸು ತೆಗೆದರೆ ಬೆರಳು ಹೋಗುತ್ತೆ, ಕೈಗವಸು ಹಾಕಿಕೊಂಡು ಸಣ್ಣ ನಟ್ಟು ತಿರುಗಿಸೋಕೆ ಆಗಲ್ಲ. ಆ ಕೆಲಸವನ್ನ ಮನಸ್ಸಿನಲ್ಲೇ ಒಂದು ಸಲ ಮಾಡಿ ನೋಡಿ.

ಇಷ್ಟು ಹೊಗಳಿದ ಮೇಲೆ ಕಹಿಯನ್ನೂ ಹೇಳಬೇಕು. ಚೀತಾಗೆ ಒಂದೇ ಎಂಜಿನ್. ಇವತ್ತಿನ ಹೆಲಿಕಾಪ್ಟರ್‌ಗಳಲ್ಲಿರುವ ಆಟೋಪೈಲಟ್ ಇಲ್ಲ, ಹವಾಮಾನ ತೋರಿಸುವ ರೇಡಾರ್ ಇಲ್ಲ. ಮೋಡ ಕವಿದರೆ ಪೈಲಟ್‌ನ ಕಣ್ಣು, ನೆನಪು, ದೇವರು, ಈ ಮೂರೇ. 2014ರ ಅಕ್ಟೋಬರ್ 1ರಂದು ಬರೇಲಿ ಬಳಿ ಒಂದು ಚೀತಾ ಬಿದ್ದು ಮೂವರು ಅಧಿಕಾರಿಗಳು ಹೋದರು. 2019ರಲ್ಲಿ ಭೂತಾನ್‌ನಲ್ಲಿ, 2022ರಲ್ಲಿ ಗುರೇಜ್, ಅದೇ ವರ್ಷ ತವಾಂಗ್, 2023ರಲ್ಲಿ ಅರುಣಾಚಲದ ಮಂಡಲಾ. ಪ್ರತಿ ಅಪಘಾತಕ್ಕೂ ಹಳೆಯ ಭಾಗವೇ ಕಾರಣ ಅಂತ ನಾನು ಹೇಳಲ್ಲ. ಮಂಜು ಇರುತ್ತೆ, ಗಾಳಿ ಇರುತ್ತೆ, ಮನುಷ್ಯನ ತಪ್ಪೂ ಇರುತ್ತೆ. ಆದರೆ 2015ರ ಮಾರ್ಚ್‌ನಲ್ಲಿ ಸೇನಾಧಿಕಾರಿಗಳ ಹೆಂಡತಿಯರೇ ಒಟ್ಟಾಗಿ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಅವರ ಬಳಿ ಹೋಗಿ, ಈ ಹಳೆಯ ಚೀತಾ-ಚೇತಕ್‌ಗಳನ್ನ ನಿಲ್ಲಿಸಿ ಅಂತ ಕೇಳಿಕೊಂಡರಲ್ಲ, ಆ ದೃಶ್ಯ ನೆನೆಸಿಕೊಳ್ಳಿ. ಗಂಡ ಹೋಗುವಾಗ ಹಣೆಗೆ ಕುಂಕುಮ ಇಟ್ಟು ಕಳಿಸುವ ಹೆಣ್ಣುಮಕ್ಕಳು ಅರ್ಜಿ ಹಿಡಿದು ದೆಹಲಿಗೆ ಬರಬೇಕಾಯ್ತು.

ಹೊಸದು ಯಾಕೆ ಬರಲಿಲ್ಲ? ಈ ಕಥೆಯನ್ನ ಸುದ್ದಿಯಾಗಿ ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. 2003ರಲ್ಲಿ 197 ಹೆಲಿಕಾಪ್ಟರ್‌ಗೆ ಟೆಂಡರ್. ಫ್ರೆಂಚ್ ಮೂಲದ ಫೆನೆಕ್ ಇನ್ನೇನು ಬಂತು ಅನ್ನುವಾಗ 2007ರ ಡಿಸೆಂಬರ್‌ನಲ್ಲಿ ರದ್ದು. 2008ರಲ್ಲಿ ಮತ್ತೆ ಟೆಂಡರ್, ಮತ್ತೆ ಪರೀಕ್ಷೆ, ಮತ್ತೆ ಆರೋಪ. 2014ರ ಆಗಸ್ಟ್‌ನಲ್ಲಿ ಅದೂ ರದ್ದು. ನಾವು ಬೇಡ ಅಂದ ಫೆನೆಕ್ ಜಾತಿಯ ಹೆಲಿಕಾಪ್ಟರನ್ನ ಅಷ್ಟರಲ್ಲಿ ಪಾಕಿಸ್ತಾನ ಸೇನೆ ಕೊಂಡಾಗಿತ್ತು! 2015ರಲ್ಲಿ ರಷ್ಯಾ ಜೊತೆ ಕಮೋವ್ 226-ಟಿ ಒಪ್ಪಂದ, 200 ಹೆಲಿಕಾಪ್ಟರ್. ಎಷ್ಟು ಭಾಗ ಭಾರತದಲ್ಲೇ ತಯಾರಾಗಬೇಕು ಅನ್ನುವ ಜಗ್ಗಾಟದಲ್ಲಿ ಅದೂ ಕಡತದಲ್ಲೇ ಉಳಿಯಿತು. ನೋಡಿ, ಇಲ್ಲೂ ಬಿಡಿಭಾಗವೇ! ಭ್ರಷ್ಟಾಚಾರ ಆಗಬಾರದು, ಒಪ್ಪುತ್ತೇನೆ. ಟೆಂಡರ್ ರದ್ದು ಮಾಡಿದವರಿಗೆ ಕಾರಣಗಳೂ ಇದ್ದವು. ಆದರೆ ಒಂದೊಂದು ರದ್ದತಿಯೂ ಚೀತಾದ ಕಾರ್ಡಿನಲ್ಲಿ ಇನ್ನಷ್ಟು ಗಂಟೆ ಕಳೀತು. ಅದಕ್ಕೆ ಸಹಿ ಹಾಕಿದವರು ಯಾರೂ ಅದರಲ್ಲಿ ಕೂತು ಹಾರಲಿಲ್ಲ.

ಈ ನಡುವೆ ಬೆಂಗಳೂರಿನಲ್ಲಿ ಸದ್ದಿಲ್ಲದೇ ಇನ್ನೊಂದು ಕೆಲಸ ನಡೀತಿತ್ತು. ಎಚ್‌ಎಎಲ್‌ನ ಲಘು ಹೆಲಿಕಾಪ್ಟರ್ ಎಲ್‌ಯುಎಚ್‌ಗೆ 2009ರಲ್ಲಿ ಮಂಜೂರಾತಿ, 2016ರ ಸೆಪ್ಟೆಂಬರ್ 6ರಂದು ಮೊದಲ ಹಾರಾಟ. 2019ರಲ್ಲಿ ಲೇಹ್, ದೌಲತ್ ಬೇಗ್ ಓಲ್ಡಿಯ ಎತ್ತರದಲ್ಲಿ ಪರೀಕ್ಷೆ. ಅದಕ್ಕೆ ಅಂತಲೇ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಕಾರ್ಖಾನೆ ಎದ್ದಿತು, 2023ರ ಫೆಬ್ರವರಿ 6ರಂದು ಉದ್ಘಾಟನೆ. ಕಾರ್ಖಾನೆ ಇದೆ, ಆದರೆ ಚೀತಾಗಳ ಜಾಗ ತುಂಬುವಷ್ಟು ಹೆಲಿಕಾಪ್ಟರ್ ಇನ್ನೂ ಬಂದಿಲ್ಲ. 2025ರ ಆಗಸ್ಟ್‌ನಲ್ಲಿ ರಕ್ಷಣಾ ಇಲಾಖೆ ಇಂಥದ್ದೇ ಸುಮಾರು 200 ಹೆಲಿಕಾಪ್ಟರ್‌ಗೆ ಮತ್ತೆ ಕಂಪನಿಗಳಿಂದ ಮಾಹಿತಿ ಕೇಳಿತು.

ಗುಬ್ಬಿಯ ಕಾರ್ಖಾನೆ ಉದ್ಘಾಟನೆಯಾದ ದಿನ ನಾನು ಆ ನಿವೃತ್ತ ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. ಟಿವಿ ನೋಡ್ತಿದ್ದೀರಾ ಸಾರ್, ಖುಷಿಯಾಯ್ತಾ ಅಂದೆ. ನೋಡ್ತಾ ಇದ್ದೀನಿ, ಚೆನ್ನಾಗಿದೆ ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು ಕೇಳಿದರು, "ನಿಮಗೆ ದೊಡ್ಡೋರೆಲ್ಲ ಗೊತ್ತಲ್ಲ ಸಾರ್, ಒಂದು ಮಾತು ವಿಚಾರಿಸಿ. ಹೆಲಿಕಾಪ್ಟರ್ ಜೊತೆಗೆ ಗೇರ್‌ಬಾಕ್ಸ್ ಎಕ್ಸ್‌ಟ್ರಾ ಎಷ್ಟು ಆರ್ಡರ್ ಮಾಡ್ತಾರಂತೆ?"